ಹೂವಿನ ವ್ಯಾನಿನಲ್ಲಿ ಹೈದರಾಬಾದಿಗೆ

ಮಲ್ಲಿಗೆಯ ವಾಸನೆಯೊಂದೇ ಬಂದರೆ ನನಗೆ ಏನೂ ಆಗುವುದಿಲ್ಲ. ಡೀಸೆಲ್ ವಾಸನೆಯೊಂದೇ ಬಂದರೂ ಅಷ್ಟೆ, ಸೆರಗನ್ನು ಮೂಗಿಗೆ ಹಿಡಿದು ಮುಂದೆ ಹೋಗುತ್ತೇನೆ. ಎರಡೂ ಕೂಡಿ ಬಂದಾಗ ಮಾತ್ರ ನಿಂತುಬಿಡುತ್ತೇನೆ. ಮೊನ್ನೆ ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಹಾಗೇ ಆಯಿತು. ನಾನು ಪಾಠ ಮಾಡುವ ಶಾಲೆ ಬಿಟ್ಟ ಮೇಲೆ ತರಕಾರಿ ಚೀಲ ಹಿಡಿದು ಮನೆಗೆ ಹೊರಟಿದ್ದೆ. ಹೊರಡಲು ನಿಂತ ಬಸ್ಸಿನ ಮಗ್ಗುಲಲ್ಲಿ ಒಬ್ಬ ಹೆಂಗಸು ಒದ್ದೆ ಬಟ್ಟೆ ಮುಚ್ಚಿದ ಹೂವಿನ ಬುಟ್ಟಿಯನ್ನು ತಲೆಯ ಮೇಲಿಂದ ಇಳಿಸಿದಳು. ಅದೇ ಹೊತ್ತಿಗೆ ಡ್ರೈವರ್ ಗಾಡಿ ಚಾಲೂ ಮಾಡಿದ. ಕಪ್ಪು ಹೊಗೆ, ಅದರ ಒಳಗಿಂದ ತಣ್ಣಗೆ ಎದ್ದು ಬಂದ ಮೊಗ್ಗಿನ ಕಂಪು. ನನ್ನ ಹಿಂದೆ ಬರುತ್ತಿದ್ದವರು ಡಿಕ್ಕಿ ಹೊಡೆದು ಬೈದುಕೊಂಡು ಹೋದರು. ನಾನು ಇಟ್ಟಿಗಿಯ ನಮ್ಮ ಮಾಳಿಗೆ ಮನೆಯ ಮುಂದೆ, ಬೇವಿನ ಮರದ ಕೆಳಗೆ, ಬಾಗಿಲು ತೆರೆದು ನಿಂತ ಕೊಟ್ರೇಶ ಕಾಕಾನ ವ್ಯಾನಿನೊಳಕ್ಕೆ ಹತ್ತುತ್ತಿದ್ದೆ. ನಿಮಗೂ ಇಂಥದ್ದೊಂದು ಇದ್ದೇ ಇರುತ್ತದೆ. ಯಾವುದೋ ಸಪ್ಪಳ, ಯಾವುದೋ ವಾಸನೆ, ಈಗ ಇಲ್ಲದ ಮನೆಯ ಕದವನ್ನು ಕೇಳದೆಯೇ ತೆಗೆದುಬಿಡುವಂಥದ್ದು.

ಕಾಕಾ ನಮ್ಮಪ್ಪನ ತಮ್ಮ. ಮದುವೆಯಾಗಿರಲಿಲ್ಲ, ಆಗುವ ಮನಸ್ಸೂ ಇರಲಿಲ್ಲ. ಆ ವ್ಯಾನೇ ಅವನ ಸಂಸಾರ. ಊರ ಹೊರಗೆ ನಮ್ಮದೊಂದು ಮಲ್ಲಿಗೆ ತೋಟವಿತ್ತು. ಬಿಸಿಲು ಬೀಳುವ ಮೊದಲೇ ಅಪ್ಪ, ಅವ್ವ, ಅಜ್ಜಿ ಮೊಗ್ಗು ಬಿಡಿಸಿ ಬುಟ್ಟಿಗೆ ತುಂಬಿದರೆ, ನಮ್ಮ ತೋಟದ್ದೂ ಅಕ್ಕಪಕ್ಕದವರದ್ದೂ ಕೂಡಿಸಿಕೊಂಡು ಕಾಕಾ ದಾವಣಗೆರೆ ಮಾರ್ಕೆಟ್ಟಿಗೆ ಒಯ್ಯುತ್ತಿದ್ದ. ತಿರುಗಿ ಬಂದಾಗ ಖಾಲಿ ವ್ಯಾನಿನ ತಗಡಿಗೆ ಕಿವಿ ಹಚ್ಚಿದರೆ ಬೆಚ್ಚಗಿರುತ್ತಿತ್ತು. ಒಳಗೆ ಮಾತ್ರ ಬಾವಿಯ ತಂಪು. ಮೂಲೆಯಲ್ಲಿ ಬಾಡಿದ ಮೊಗ್ಗುಗಳು ಬಿದ್ದಿರುತ್ತಿದ್ದವು. ಅವನ್ನು ಆರಿಸುವುದು ನನ್ನ ಕೆಲಸ, ಆರಿಸಿದ್ದೆಲ್ಲ ನನ್ನ ಜಡೆಗೆ.

ಒಂದು ಬೇಸಿಗೆಯಲ್ಲಿ ಅಜ್ಜಿ ತೋಟದ ಕಾಲುವೆಯ ಬದುವಿನ ಮೇಲೆ ಜಾರಿ ಬಿದ್ದಳು. ಸೊಂಟದ ಎಲುಬು ಮುರಿಯಿತು. ದಾವಣಗೆರೆಯಲ್ಲಿ ಆಪರೇಷನ್ ಮಾಡಿಸಿ ಮನೆಗೆ ತಂದು ಪಡಸಾಲೆಯಲ್ಲಿ ಮಲಗಿಸಿದರು. ಅಷ್ಟರಲ್ಲೇ ಕಿರಾಣಿ ಅಂಗಡಿಯ ಫೋನಿಗೆ ಹೈದರಾಬಾದಿನಿಂದ ಸುದ್ದಿ ಬಂತು. ಅಜ್ಜಿಯ ತಂಗಿ ಗಂಗವ್ವನ ಗಂಡ ತೀರಿಕೊಂಡಿದ್ದ. ನಾವು ಅವಳನ್ನು ಸಣ್ಣಜ್ಜಿ ಅನ್ನುತ್ತಿದ್ದೆವು. ಮದುವೆಯಾದ ಹೊಸದರಲ್ಲೇ ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ಆ ಊರಿಗೆ ಹೋದವಳು ಅಲ್ಲಿಯವಳೇ ಆಗಿಬಿಟ್ಟಿದ್ದಳು. ಅಪ್ಪ ಒಬ್ಬನೇ ಮಣ್ಣಿಗೆ ಹೋಗಿ ಬಂದ. ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಊಟ ಬೇಡ ಅಂದಳು, ಮಾತೂ ಬೇಡ ಅಂದಳು. ಅವರಿಬ್ಬರಿಗೂ ಬೇರೆ ಒಡಹುಟ್ಟಿದವರು ಇರಲಿಲ್ಲ. ಆಮೇಲೆ ಎಷ್ಟೋ ದಿನ ಅವ್ವ ತಲೆ ಬಾಚಲು ಕೂತಾಗಲೆಲ್ಲ ಅಜ್ಜಿ ಅದೊಂದನ್ನೇ ಹೇಳುತ್ತಿದ್ದಳು: "ಗಂಡ ಸತ್ತ ದಿನ ಅಕಿ ಮಗ್ಗಲ ನಾ ಕುಂದ್ರಲಿಲ್ಲ ನೋಡು."

ಮಳೆಗಾಲ ಮುಗಿಯಿತು. ಹೂವಿನ ಕಾಲವೂ ಮುಗಿದು ಗಿಡಗಳು ಬರೀ ಹಸಿರಾಗಿ ನಿಂತವು. ವ್ಯಾನು ಬೇವಿನ ಕೆಳಗೆ ಸುಮ್ಮನೆ ನಿಂತಿರುತ್ತಿತ್ತು. ಅಜ್ಜಿ ಈಗ ಒಂದು ಮಗ್ಗುಲಿಗೆ ಒರಗಿಕೊಂಡು ಸ್ವಲ್ಪ ಹೊತ್ತು ಕೂರುತ್ತಿದ್ದಳು, ಬಸ್ಸಿನ ಸೀಟಿನಲ್ಲಿ ಕೂರುವ ಮಾತಂತೂ ಇರಲಿಲ್ಲ. ಒಂದು ಮುಂಜಾನೆ ಕಾಕಾ ಚಹಾ ಕುಡಿಯುತ್ತ ಕೂತಿದ್ದಾಗ ಹೊಸಿಲಾಚೆಯ ವ್ಯಾನನ್ನೇ ನೋಡುತ್ತ ಅಂದಳು: "ಕೊಟ್ರ, ನನ್ನ ಹೆಂಗಾರ ಮಾಡಿ ಒಮ್ಮೆ ಗಂಗಿ ತಾವ ಒಯ್ಯಪ್ಪ. ಹೂವು ಒಯ್ತಿಯಲ್ಲ, ಹಂಗಾ ಒಯ್ಯಿ."

ಕಾಕಾ ನಗಲಿಲ್ಲ. ಲೋಟ ಕೆಳಗಿಟ್ಟು ಎದ್ದು ಹೋಗಿ ವ್ಯಾನಿನ ಹಿಂಬಾಗಿಲು ತೆಗೆದು ಒಳಗೆ ಬಹಳ ಹೊತ್ತು ನೋಡುತ್ತ ನಿಂತ. ಮಾರನೆಯ ದಿನ ಹಡಗಲಿಯಿಂದ ಬಡಿಗ ಬಂದ. ವ್ಯಾನಿನ ಒಂದು ಬದಿಗೆ, ಕಿಟಕಿಯ ಮಟ್ಟಕ್ಕೆ, ಹಲಗೆಯ ಮಂಚ ಹೊಡೆದು ಬೋಲ್ಟು ಹಾಕಿದರು. ಅದರ ಎದುರಿಗೆ ಇನ್ನೊಂದು, ಸ್ವಲ್ಪ ಸಣ್ಣದು, ಅವ್ವನಿಗೂ ನನಗೂ. ಅಜ್ಜಿ ಹಿಡಿದು ಮೇಲೇಳಲಿ ಎಂದು ಚಾವಣಿಯಿಂದ ಒಂದು ಹಗ್ಗ ಇಳಿಬಿಟ್ಟರು. ನೀರಿನ ಕೊಡ ಉರುಳದಂತೆ ಹಳೆಯ ಟೈರಿನೊಳಗೆ ಕೂರಿಸಿದರು. ಅವ್ವ ತನ್ನ ಹಳೆಯ ಸೀರೆ ಹರಿದು ಕಿಟಕಿಗೆ ಪರದೆ ಹೊಲಿದಳು. ಸೀಮೆಎಣ್ಣೆ ಸ್ಟೌ, ಒಂದು ಬುಟ್ಟಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿ, ಮೊಸರಿನ ಗಡಿಗೆ ಎಲ್ಲವೂ ಒಳಗೆ ಸೇರಿದವು. ಕೊನೆಗೆ ಕಾಕಾ ಒಂದು ಕಟ್ಟಿಗೆಯ ಕುರ್ಚಿಯ ನಡುವೆ ತೂತು ಕೊರೆಸಿ, ಕೆಳಗೆ ಬಕೆಟ್ ಇಟ್ಟು, ಸುತ್ತ ಪರದೆ ಕಟ್ಟಿದ. ಅದನ್ನು ಕಂಡು ಅಜ್ಜಿಗೆ ನಾಚಿಕೆಯಾಗಿ ಸೆರಗನ್ನು ಬಾಯಿಗೆ ಹಿಡಿದಳು. ಕಾಕಾ ಮಾತ್ರ ಸ್ಟೀರಿಂಗ್ ಒರೆಸಿದಷ್ಟೇ ಸಹಜವಾಗಿ ಕುರ್ಚಿಯನ್ನು ಅಲ್ಲಾಡಿಸಿ, ಗಟ್ಟಿ ಇದೆಯೋ ಇಲ್ಲವೋ ನೋಡಿದ. ಹೊರಡುವ ದಿನ ಓಣಿಯ ಜನವೆಲ್ಲ ಬಂದು ಒಳಗೆ ಇಣುಕಿದರು. "ಏನಲೇ ಕೊಟ್ರ, ಮನೀನಾ ಗಾಲಿ ಮ್ಯಾಲೆ ಇಟ್ಕಂಡು ಹೊಂಟಿಯಲ್ಲ!" ಅಂದ ಪಕ್ಕದ ಮನೆಯ ಅಜ್ಜ. ತೋಟಕ್ಕೆ ನೀರು ಬಿಡಲು ಅಪ್ಪ ಒಬ್ಬನೇ ಊರಲ್ಲಿ ಉಳಿದ.

ಆ ದಾರಿಯನ್ನು ನಾನು ಆಮೇಲೆ ಎಷ್ಟೋ ಸಲ ಬಸ್ಸಿನಲ್ಲಿ ಕ್ರಮಿಸಿದ್ದೇನೆ, ಆದರೆ ಹಾಗೆ ಮತ್ತೆಂದೂ ಕಂಡಿಲ್ಲ. ಹಗರಿಬೊಮ್ಮನಹಳ್ಳಿ ದಾಟಿ, ಹೊಸಪೇಟೆಯ ಮೇಲಿಂದ ಗಂಗಾವತಿ, ಸಿಂಧನೂರು, ರಾಯಚೂರು. ಮಲಗಿದಲ್ಲಿಂದ ಅಜ್ಜಿಗೆ ಕಿಟಕಿಯ ಮೇಲರ್ಧ ಮಾತ್ರ ಕಾಣುತ್ತಿತ್ತು. ಮರದ ತುದಿಗಳು, ಕರೆಂಟಿನ ತಂತಿ, ಗುಡ್ಡದ ನೆತ್ತಿ, ಗುಡಿಯ ಶಿಖರ, ಮತ್ತೆ ಆಕಾಶ. "ಪಾರಿ, ಕೆಳಗ ಏನೈತಿ ಹೇಳ," ಅನ್ನುತ್ತಿದ್ದಳು. ನಾನು ಪರದೆ ಸರಿಸಿ ಮಂಡಿಯೂರಿ ಕೂತು ಹೇಳುತ್ತಿದ್ದೆ. ಕುರಿ ಹಿಂಡು ಹೊಂಟೈತಿ. ಒಬ್ಬಾಕಿ ಕೊಡ ತೊಳಿಯಾಕ ಹತ್ಯಾಳ. ಮೆಕ್ಕೆಜೋಳ ಒಣಗಿಸಾಕ ರಸ್ತಾದ ಮ್ಯಾಗ ಹಾಕ್ಯಾರ. ಅತ್ತೆ ಸೊಸೆಯನ್ನು ಕಾಡುವಂತೆ ಅವಳು ಬಿಡದೆ ಕೇಳುತ್ತಿದ್ದಳು: ಕುರಿ ಎಂಥವು, ಕರಿಯವೋ ಕೆಂಪೋ? ಕೊಡ ತೊಳೆಯುವವಳ ಕೂಸು ಎಲ್ಲಿ? ನನಗೆ ಕಾಣದ್ದನ್ನೂ ನಾನು ಹೇಳಿಬಿಡುತ್ತಿದ್ದೆ. ಕೂಸು ಮರದ ಕೆಳಗೆ ಜೋಳಿಗೆಯಲ್ಲಿ ಮಲಗಿದೆ ಅಂದರೆ ಅಜ್ಜಿಗೆ ಸಮಾಧಾನ. ಗಾಡಿ ತಗ್ಗಿಗೆ ಇಳಿದಾಗಲೆಲ್ಲ ಅವಳು ಹಗ್ಗ ಹಿಡಿದು ಹಲ್ಲು ಕಚ್ಚುತ್ತಿದ್ದಳು. ಮುಂದಿನಿಂದ ಕಾಕಾ "ಯವ್ವಾ, ಬಂತು ನೋಡು ಒಂದು," ಎಂದು ಮೊದಲೇ ಕೂಗುತ್ತಿದ್ದ.

ಸಿಂಧನೂರು ಸಮೀಪಿಸುವಾಗ ಕಾಲುವೆಯ ಬದಿ ಹುಣಸೆ ಮರದ ನೆರಳಿಗೆ ಗಾಡಿ ನಿಲ್ಲಿಸಿ ಅವ್ವ ಅನ್ನಕ್ಕಿಟ್ಟಳು. ಎದುರಿಗೆ ಭತ್ತ ಕೊಯ್ಯುತ್ತಿದ್ದರು. ನೆಲದ ಮೇಲೆ ಅಷ್ಟು ದೂರದವರೆಗೆ ಬಂಗಾರದ ಬಣ್ಣ ನಾನು ನೋಡಿದ್ದು ಅದೇ ಮೊದಲು. ಸ್ಟೌವಿನ ಸಪ್ಪಳ ಕೇಳಿ ಕೊಯ್ಯುವ ಹೆಂಗಸರು ಕುಡುಗೋಲು ಹಿಡಿದೇ ಬಂದರು. ಒಳಗೆ ಮಂಚ, ಪರದೆ, ಮಲಗಿದ ಮುದುಕಿಯನ್ನು ಕಂಡು ಅವರ ಮುಖ ಸಣ್ಣದಾಯಿತು. "ದವಾಖಾನಿಗೇನ್ರಿ, ಅಮ್ಮಾರ?" ಎಂದು ಒಬ್ಬಳು ಮೆಲ್ಲಗೆ ಕೇಳಿದಳು. ಅಜ್ಜಿ ಹಗ್ಗ ಹಿಡಿದು ಎದ್ದು ಕೂತಳು. ತಲೆಗೂದಲು ಸರಿಮಾಡಿಕೊಂಡು, "ಇಲ್ಲವ್ವ. ತಂಗಿ ಮನಿಗೆ ಹೊಂಟೀನಿ," ಅಂದಳು. ಆ ದನಿಯನ್ನು ಹೇಗೆ ಹೇಳಲಿ ನಿಮಗೆ? ಹಬ್ಬಕ್ಕೆ ತವರಿಗೆ ಹೊರಟ ಹುಡುಗಿಯ ದನಿ ಅದು. ಹೆಂಗಸರು ನಕ್ಕರು. ಒಬ್ಬಳು ಮಡಿಲಿನಿಂದ ಹಸಿ ಕಡಲೆಕಾಯಿ ತೆಗೆದು ಅಜ್ಜಿಯ ಸೆರಗಿಗೆ ಹಾಕಿದಳು.

ರಾಯಚೂರಿನಲ್ಲಿ ಆ ದಿನ ಬೀಡುಬಿಟ್ಟು, ಮರುದಿನ ಕೃಷ್ಣೆಯ ಸೇತುವೆ ದಾಟಿದೆವು. ಅಲ್ಲಿಂದ ಮುಂದೆ ಬೋರ್ಡುಗಳ ಅಕ್ಷರ ಬದಲಾದವು. ನಮ್ಮವರಂತೆಯೇ ಕಾಣುವ ಅಕ್ಷರಗಳು ನಮ್ಮ ಮಾತು ಆಡದೆ ನಿಂತಿರುವುದು ನನಗೆ ವಿಚಿತ್ರವೆನಿಸಿತು. ಕಾಕಾ ಮಾರ್ಕೆಟ್ಟಿನಲ್ಲಿ ಕಲಿತ ತೆಲುಗಿನಲ್ಲಿ ದಾರಿ ಕೇಳಿದರೆ ಜನ ಉರ್ದುವಿನಲ್ಲಿ ಉತ್ತರ ಕೊಡುತ್ತಿದ್ದರು. ಅವನು ಉರ್ದುವಿಗಿಳಿದರೆ ಅವರು ತೆಲುಗಿಗೆ ಹೊರಳುತ್ತಿದ್ದರು. ಹೈದರಾಬಾದು ಮುಟ್ಟಿದಾಗ ಸಂಜೆಯ ಬಿಸಿಲು ಇನ್ನೂ ಇತ್ತು. ಸಣ್ಣಜ್ಜಿಯ ಮಗ ಮಾರುತಿ ಒಂದು ಸರ್ಕಲ್ಲಿನಲ್ಲಿ ಕಾದು ನಿಂತಿದ್ದ. ಅವನು ಮುಂದೆ ಕೂತು ದಾರಿ ತೋರಿಸಿದ. ಆದರೆ ಅವರ ಮನೆಯ ಗಲ್ಲಿಯ ಬಾಯಿಗೆ ಬಂದಾಗ ಕಾಕಾ ಗಾಡಿ ನಿಲ್ಲಿಸಿ ಇಳಿದು, ಎರಡೂ ಕೈ ಚಾಚಿ ಅಳೆದು ತಲೆ ಅಲ್ಲಾಡಿಸಿದ. ವ್ಯಾನು ಒಳಗೆ ಹೋಗುವಂತಿರಲಿಲ್ಲ. ಮನೆ ಗಲ್ಲಿಯ ತುದಿಯಲ್ಲಿ, ಮೂರನೆಯ ಅಂತಸ್ತಿನಲ್ಲಿ. ಮೆಟ್ಟಿಲು ಏಣಿಯಷ್ಟು ಕಡಿದು. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಎತ್ತುವ ಮಾತಾಡಿ, ಮೆಟ್ಟಿಲು ನೋಡಿಕೊಂಡು ಬಂದ ಮೇಲೆ ಅದನ್ನೂ ಬಿಟ್ಟರು. ಕೊನೆಗೆ ರಸ್ತೆಯಾಚೆಯ ಕಟ್ಟಿಗೆ ಅಡ್ಡೆಯ ಬಯಲಿನಲ್ಲಿ, ಅಲ್ಲಿನ ಕಾವಲುಗಾರನನ್ನು ಕೇಳಿಕೊಂಡು, ಗಾಡಿ ನಿಲ್ಲಿಸಿದೆವು. ಮಾರುತಿ ತಾಯಿಯನ್ನು ಕರೆತರಲು ಹೋದ.

ಸಣ್ಣಜ್ಜಿ ಬಂದಳು. ಅಜ್ಜಿಗಿಂತ ಎತ್ತರ, ಬಡಕಲು ಮೈ, ಬರಿ ಹಣೆ. ವ್ಯಾನಿನ ಹಿಂಬಾಗಿಲಿನ ಮುಂದೆ ನಿಂತಳು, ಹತ್ತಲಿಲ್ಲ. ಅವ್ವ ಕೈ ಚಾಚಿದರೂ ಹಿಡಿಯಲಿಲ್ಲ.

"ಈಗ ಬಂದ್ಯಾ ಅಕ್ಕ?"

"ಈಗ ಬಂದೆ, ಗಂಗಿ."

"ಅವರು ಹೋದಾಗ ಬರಲಿಲ್ಲ. ನಾ ಬಾಗಲಾ ನೋಡಿಕೋಂತ ಕುಂತಿದ್ದೆ. ನನಗ ಇದ್ದಾಕಿ ನೀನೊಬ್ಬಾಕಿ. ಈಗ ಗಾಡಿ ಮಾಡ್ಕಂಡು ಊರ ನೋಡಾಕ ಬಂದಿಯೇನು?"

ಅಜ್ಜಿ ಹಗ್ಗ ಹಿಡಿದು ಏಳಲು ಹೋದಳು. ಅವ್ವನೇ ಬಾಯಿ ಬಿಟ್ಟಳು. "ಸಣ್ಣತ್ತಿ, ಅತ್ತಿ ಬಿದ್ದು ಸೊಂಟ ಮುರಕಂಡು ಮಲಗಿದ್ರು. ಆಪರೇಷನ್ ಆಗಿತ್ತು. ನಿಮಗ ಗೊತ್ತಿಲ್ಲೇನ್ರಿ?"

"ಯಾರ ಸೊಂಟ?" ಅಂದಳು ಸಣ್ಣಜ್ಜಿ.

ಹಿಂದೆ ನಿಂತಿದ್ದ ಮಾರುತಿ ನೆಲ ನೋಡುತ್ತ, "ನಾನಾ ಹೇಳಿದ್ದಿಲ್ಲವ್ವ. ಅಪ್ಪ ಹೋದ ದುಃಖದಾಗ ಇದೂ ಒಂದು ಯಾಕ ಅಂತ… ದೊಡ್ಡವ್ವಗ ಜ್ವರ ಬಂದಾವ ಅಂತ ಹೇಳಿದ್ದೆ. ಮಣ್ಣಿಗೆ ಬಂದ ಅಣ್ಣಗೂ ಬಾಯಿ ಬಿಡಬ್ಯಾಡ ಅಂದಿದ್ದೆ," ಅಂದ.

ಸಣ್ಣಜ್ಜಿ ಅವನನ್ನು ನೋಡಲೂ ಇಲ್ಲ. ತಾನೇ ಬಾಗಿಲ ಅಂಚು ಹಿಡಿದು ಮೇಲೆ ಹತ್ತಿದಳು. ಇಳಿಬಿದ್ದ ಹಗ್ಗವನ್ನು ಮುಟ್ಟಿದಳು. ಪರದೆ ಸರಿಸಿ ತೂತಿನ ಕುರ್ಚಿಯನ್ನೂ ಬಕೆಟ್ಟನ್ನೂ ನೋಡಿದಳು. ಹೊದಿಕೆ ಎತ್ತಿ ಅಕ್ಕನ ಕಾಲಿನ ಮೇಲೆ ಕೈಯಿಟ್ಟಳು. ಒಂದು ಕಾಲು ಇನ್ನೊಂದಕ್ಕಿಂತ ಸಣಕಲಾಗಿತ್ತು. "ಇದರಾಗ ಮಲಕ್ಕಂಡು ಬಂದ್ಯಾ? ಅಷ್ಟು ದೂರದಿಂದ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ವ್ಯಾನಿನ ನೆಲದ ಮೇಲೆ ಕುಸಿದು ಮಂಚದ ಅಂಚಿಗೆ ತಲೆಯಿಟ್ಟಳು. ಇಬ್ಬರೂ ಅತ್ತರು. ಸಾವಿನ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುತ್ತಾರಲ್ಲ, ಹಾಗೆ, ತಿಂಗಳುಗಟ್ಟಲೆ ತಡೆದಿಟ್ಟ ಅಳು. ಕಾಕಾ ಇಳಿದು ಹೋಗಿ ಟೈರುಗಳಿಗೆ ಗಾಳಿ ಇದೆಯೋ ಇಲ್ಲವೋ ಎಂದು ಒಂದೊಂದನ್ನೇ ಒದ್ದು ನೋಡುತ್ತ ಸುತ್ತು ಹಾಕಿದ.

ನಾವು ನೆಂಟರ ಮನೆಗೆ ಹೋಗಿದ್ದೆವು. ಆದರೆ ನೆಂಟರೇ ನಮ್ಮ ಮನೆಗೆ ಬಂದುಬಿಟ್ಟರು. ಅಂದೇ ಸಣ್ಣಜ್ಜಿ ತನ್ನ ಕೌದಿ ತಂದು ನನ್ನ ಮಂಚ ಹಿಡಿದಳು. ಅವ್ವನೂ ನಾನೂ ಮೂರನೆಯ ಅಂತಸ್ತಿನ ಒಂಟಿ ಕೋಣೆಗೆ ಹೋದೆವು, ಕಾಕಾ ಮುಂದಿನ ಸೀಟಿಗೆ. ಅಲ್ಲಿದ್ದಷ್ಟು ದಿನವೂ ಹಾಗೇ ನಡೆಯಿತು. ಮುಂಜಾನೆ ನಾನು ಮಾಳಿಗೆಯ ಮೇಲೆ ನಿಂತು ನೋಡಿದರೆ ಬಯಲಿನಲ್ಲಿ ನಮ್ಮ ವ್ಯಾನು ಕಾಣುತ್ತಿತ್ತು. ಅದರ ಮುಂದೆ ಸ್ಟೌ ಹಚ್ಚಿಕೊಂಡು ಸಣ್ಣಜ್ಜಿ ಚಹಾ ಮಾಡುತ್ತಿರುತ್ತಿದ್ದಳು. ಗಲ್ಲಿಯ ಹೆಂಗಸರು, ಅವಳ ಜೊತೆ ಇಟ್ಟಿಗೆ ಹೊತ್ತ ಹಳೆಯ ಗೆಳತಿಯರು, ಅಕ್ಕನನ್ನು ನೋಡಲು ಬಂದು ಮರದ ದಿಮ್ಮಿಗಳ ಮೇಲೆ ಸಾಲಾಗಿ ಕೂರುತ್ತಿದ್ದರು. ಅಜ್ಜಿಗೆ ಅವರ ಮಾತು ತಿಳಿಯದು, ಅವರಿಗೆ ಅಜ್ಜಿಯದು ತಿಳಿಯದು. ಆದರೂ ಎಲೆ ಅಡಿಕೆ ಹಾಕಿಕೊಂಡು ಎಲ್ಲರೂ ನಗುತ್ತಿದ್ದರು. ಕಾಕಾ ಒಂದು ದಿನ ಮುಂಜಾನೆಯೇ, ರಸ್ತೆ ಖಾಲಿ ಇರುವಾಗ, ಇಬ್ಬರನ್ನೂ ಕೂರಿಸಿಕೊಂಡು ಚಾರ್ಮಿನಾರ್ ಕಡೆಗೆ ಗಾಡಿ ಬಿಟ್ಟ. ನಾನೂ ಇದ್ದೆ. ಸಣ್ಣಜ್ಜಿ ಅಷ್ಟು ವರ್ಷ ಆ ಊರಲ್ಲಿದ್ದೂ ಅದನ್ನು ಹತ್ತಿರದಿಂದ ನೋಡಿರಲಿಲ್ಲವಂತೆ. ಅಜ್ಜಿಗೆ ಕಿಟಕಿಯಲ್ಲಿ ಮಿನಾರಿನ ತುದಿ ಮಾತ್ರ ಕಂಡಿತು, ಅದರ ಸುತ್ತ ಹಾರುವ ಪಾರಿವಾಳಗಳು. "ಮ್ಯಾಲಿಂದು ನಾ ನೋಡಿನಿ. ಕೆಳಗಿಂದು ನೀ ಹೇಳು, ಗಂಗಿ," ಅಂದಳು. ನನ್ನ ಕೆಲಸ ಹೋಯಿತಲ್ಲ ಎಂದು ನನಗೆ ಸಿಟ್ಟು ಬಂತು.

ಹೊರಡುವ ಹಿಂದಿನ ದಿನ ಅಜ್ಜಿ ತಾನು ಬಂದ ಉದ್ದೇಶ ಹೇಳಿದಳು. ಊರು ಬಿಡುವ ಮೊದಲು ಅವಳು ಪಡಸಾಲೆಯ ಪಕ್ಕದ ಖಾಲಿ ಕೋಣೆಗೆ ಸುಣ್ಣ ಬಳಿಸಿದ್ದು ಯಾಕೆಂದು ನಮಗೆ ಆಗ ತಿಳಿಯಿತು.

"ನನ್ನ ಕೂಡ ಬಾ, ಗಂಗಿ. ಇಬ್ರೂ ಒಂದು ಕಡಿ ಇರಾಣ."

ಸಣ್ಣಜ್ಜಿ ರೊಟ್ಟಿ ತಟ್ಟುವ ಕೈ ನಿಲ್ಲಿಸಲಿಲ್ಲ. "ನಾ ಹೂವಿನ ಬುಟ್ಟಿ ಏನಕ್ಕ, ಎತ್ತಿ ಗಾಡ್ಯಾಗ ಇಟ್ಕಂಡು ಒಯ್ಯಾಕ? ಇಲ್ಲಿ ನನ್ನ ಗಂಡನ ಮಣ್ಣೈತಿ. ಈ ಗಲ್ಯಾಗಿನ ಗ್ವಾಡಿಗೆಲ್ಲ ನಾ ಇಟ್ಟಂಗಿ ಹೊತ್ತೀನಿ."

ಅಜ್ಜಿ ಮತ್ತೆ ಕೇಳಲಿಲ್ಲ. ತಿರುಗಿ ಬರುವಾಗ ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಮಲಗಿದ್ದಳು. ಕೆಳಗೆ ಏನಿದೆ ಎಂದು ಒಮ್ಮೆಯೂ ಕೇಳಲಿಲ್ಲ. ನಾನೇ ಹೇಳಲು ಹೋದರೆ "ಹೂಂ" ಅನ್ನುತ್ತಿದ್ದಳು. ಸಿಂಧನೂರಿನ ಗದ್ದೆಗಳು ಆಗಲೇ ಬೋಳಾಗಿದ್ದವು.

ಮತ್ತೆ ಮಲ್ಲಿಗೆ ಬಿಡುವ ಕಾಲ ಬಂತು. ಮಂಚಗಳನ್ನು ಬಿಚ್ಚಿ ಮಾಳಿಗೆಗೆ ಹಾಕಿದರು, ವ್ಯಾನು ದಾವಣಗೆರೆಯ ದಾರಿ ಹಿಡಿಯಿತು. ಒಂದು ಮಧ್ಯಾಹ್ನ ಅಂಗಳದಲ್ಲಿ ಆಟೋ ಬಂದು ನಿಂತ ಸಪ್ಪಳವಾಯಿತು. ತಗಡಿನ ಟ್ರಂಕು ಮೊದಲು ಇಳಿಯಿತು, ಅದರ ಹಿಂದೆ ಸಣ್ಣಜ್ಜಿ. ರೈಲು ಹಿಡಿದು, ಬಸ್ಸು ಹಿಡಿದು, ಕೇಳಿಕೊಂಡು ಕೇಳಿಕೊಂಡು ಒಬ್ಬಳೇ ಬಂದಿದ್ದಳು. ಪಡಸಾಲೆಯಲ್ಲಿದ್ದ ಅಜ್ಜಿ ಗಾಬರಿಯಿಂದ, "ಕರದಾಗ ಬರಲಿಲ್ಲ. ಈಗ ಏನಾತು? ಮಗ ಏನಾರ ಅಂದನೇನು?" ಎಂದು ಕೇಳಿದಳು.

"ಯಾರೂ ಏನೂ ಅಂದಿಲ್ಲ. ಆಗ ನೀ ಕರದಿದ್ದಿ. ಈಗ ನಾ ಬಂದೀನಿ," ಅಂದಳು ಸಣ್ಣಜ್ಜಿ, ಚಪ್ಪಲಿ ಬಿಡುತ್ತ.

ಆಮೇಲಿನ ಕೆಲವು ವರ್ಷಗಳನ್ನು ನಾನು ನಮ್ಮ ಮನೆಯ ಒಳ್ಳೆಯ ಕಾಲ ಎಂದು ನೆನೆಯುತ್ತೇನೆ. ಸಣ್ಣಜ್ಜಿ ಅಕ್ಕನನ್ನು ಮಲಗಲು ಬಿಡಲಿಲ್ಲ. ಬಿಸಿ ಎಣ್ಣೆ ಹಚ್ಚಿ ಕಾಲು ತಿಕ್ಕಿದಳು. ಕಟ್ಟಡದ ಮೇಸ್ತ್ರಿಯಂತೆ ಗದರಿಸಿ ಎಬ್ಬಿಸಿದಳು. ಮೊದಲು ಹೊಸಿಲ ತನಕ, ಆಮೇಲೆ ಬೇವಿನ ಮರದ ತನಕ, ಕೊನೆಗೆ ಕೋಲೂರಿಕೊಂಡು ತೋಟದ ತನಕ ನಡೆಸಿದಳು. ಇಬ್ಬರೂ ಬದುವಿನ ಮೇಲೆ ಕೂತು ಜಗಳವಾಡುವುದು ಓಣಿಗೆಲ್ಲ ಕೇಳುತ್ತಿತ್ತು. ಚಿಕ್ಕಂದಿನಲ್ಲಿ ಯಾರೋ ಕದ್ದ ಬೆಲ್ಲದ ಅಚ್ಚಿನ ಜಗಳ ಅದು, ಕೊನೆಯ ತನಕ ತೀರಲಿಲ್ಲ. ಅಜ್ಜಿ ಒಂದು ಚಳಿಗಾಲದಲ್ಲಿ ನಿದ್ದೆಯಲ್ಲೇ ಹೋದಳು. ಸಣ್ಣಜ್ಜಿ ಅಂದು ಅಳಲಿಲ್ಲ. ಎತ್ತುವ ತನಕ ಮಗ್ಗುಲಲ್ಲಿ ಕೂತೇ ಇದ್ದಳು, ನೀರು ಕುಡಿಯಲೂ ಏಳಲಿಲ್ಲ. ಮಾರುತಿ ಬಂದು ಹೈದರಾಬಾದಿಗೆ ಕರೆದ. "ಇಲ್ಲೇ ಇರ್ತೀನಪ್ಪ. ಮಾತಾಡ್ಕೋಂತ ಇದ್ದೆವು, ನಡುವ ಹೋಗಿಬಿಟ್ಳು," ಅಂದಳು. ಎರಡು ಮಳೆಗಾಲ ಕಳೆದ ಮೇಲೆ ಅವಳನ್ನೂ ತೋಟದ ಬದುವಿನ ಬಳಿ, ಅಕ್ಕನ ಪಕ್ಕದಲ್ಲೇ ಮಣ್ಣು ಮಾಡಿದೆವು.

ಉಳಿದದ್ದೆಲ್ಲ ನಿಮ್ಮ ಮನೆಯ ಕಥೆಯಂತೆಯೇ. ಕಾಕಾನ ವ್ಯಾನು ಗುಜರಿಗೆ ಹೋಯಿತು, ಕೆಲವು ವರ್ಷಗಳ ನಂತರ ಕಾಕಾನೂ ಹೋದ. ಮಾಳಿಗೆ ಸೋರಿ ಸೋರಿ ಕುಸಿದ ಮೇಲೆ ಅಪ್ಪ ಅವ್ವ ನನ್ನ ಜೊತೆ ಹರಪನಹಳ್ಳಿಗೆ ಬಂದರು. ತೋಟ ಕೊಂಡವರು ಮಲ್ಲಿಗೆ ಕಿತ್ತು ಮೆಕ್ಕೆಜೋಳ ಹಾಕಿದರು. ಅವರದೇನೂ ತಪ್ಪಿಲ್ಲ, ಹೂವು ಬಿಡಿಸಲು ಈಗ ಯಾರು ಸಿಗುತ್ತಾರೆ?

ಕಳೆದ ಮಳೆಗಾಲದಲ್ಲಿ ಒಂದು ಮದುವೆಗೆಂದು ಇಟ್ಟಿಗಿಗೆ ಹೋದವಳು ಹೊಲದ ಕಡೆ ನಡೆದೆ. ಜೋಳ ಆಳೆತ್ತರ ಬೆಳೆದಿತ್ತು, ಎಲ್ಲಿ ನೋಡಿದರೂ ಒಂದೇ ಹಸಿರು. ಬದು ಯಾವುದು, ಕಾಲುವೆ ಯಾವುದು ಗುರುತು ಸಿಗಲಿಲ್ಲ. ಸುತ್ತಾಡಿ ತಿರುಗುವಷ್ಟರಲ್ಲಿ ಆ ಹೊಲದ ಹೆಂಗಸು ಹುಲ್ಲಿನ ಹೊರೆ ಕಟ್ಟುತ್ತಿದ್ದವಳು ನನ್ನನ್ನು ಕಂಡು ಎದ್ದು ಬಂದಳು. ಸಮಾಧಿ ಹುಡುಕುತ್ತಿದ್ದೇನೆ ಅಂದೆ. ಅವಳು ಏನೂ ಕೇಳದೆ ಮುಂದೆ ನಡೆದಳು, ಎರಡೂ ಕೈಯಿಂದ ದಂಟು ಸರಿಸುತ್ತ. ಜೋಳದ ನಡುವೆ, ಒಂದು ಮಂಚದಷ್ಟು ಜಾಗವನ್ನು ಉಳದೆ ಬಿಟ್ಟಿದ್ದರು. ಎರಡು ಕಲ್ಲುಗಳು ಜೊತೆಗಿದ್ದವು. ಸುತ್ತಲಿನ ಕಳೆಯನ್ನು ಯಾರೋ ಕಿತ್ತಿದ್ದರು.

"ನಮ್ಮ ಮನಿಯವರು ನೇಗಿಲ ಹಚ್ಚಗೊಡಂಗಿಲ್ರಿ ಇಲ್ಲಿ," ಅಂದಳು ಆಕೆ. ಆಮೇಲೆ ಕೇಳಿದಳು: "ಯಾರ್ರಿ ಇವರು?"

ಎಷ್ಟೋ ಹೇಳಬಹುದಿತ್ತು. ಗಾಳಿ ಬಂದು ಜೋಳದ ಎಲೆಗಳೆಲ್ಲ ಒಮ್ಮೆಲೇ ಸದ್ದು ಮಾಡಿದವು. ಅದು ನಿಲ್ಲುವ ತನಕ ಕಾದು, "ಅಕ್ಕ ತಂಗಿ," ಅಂದೆ.